ಕೋಲು ಕುಟ್ಟಿದಾಗಲೆಲ್ಲ ಎದ್ದವಳು

ಸಿಯೆನಿಗೆ ಕೂರೋದಕ್ಕೆ ಬರಲ್ಲ ಅಂತ ಊರೆಲ್ಲ ಹೇಳ್ತಿತ್ತು. ನಾನೂ ಹೇಳಿದೀನಿ, ಸುಳ್ಳು ಯಾಕೆ. ಕೂರೋದು ಅಂದ್ರೆ ಸುಮ್ನೆ ಕೂರೋದಲ್ಲ. ನೇಯ್ಗೆ ಮನೇಲಿ ಚಕ್ಕಳಮಕ್ಕಳ ಹಾಕ್ಕೊಂಡು, ಬಿಳೀ ಎಳೆ ಮೇಲೆ ಕಣ್ಣಿಟ್ಟು, ಬೆಳಗ್ಗೆ ಕೂತವಳು ಊಟದ ಹೊತ್ತಿನ ತನಕ ಏಳದೆ ಇರೋದು. ನಮ್ಮ ನಯ ಚಾಪೆ ಅಂಥ ಕೆಲಸ. ಕೇದಗೆ ಎಲೆ ತಂದು, ಮುಳ್ಳು ತೆಗೆದು, ಕುದಿಸಿ, ಸಮುದ್ರದಲ್ಲಿ ನೆನೆಹಾಕಿ, ಬಿಸಿಲಿಗೆ ಬೆಳ್ಳಗೆ ಮಾಡಿ, ಆಮೇಲೆ ದಾರದಷ್ಟು ಸಣ್ಣಕ್ಕೆ ಸೀಳಬೇಕು. ಆ ಎಳೆಗಳನ್ನ ಒಂದು ಮೇಲೆ ಒಂದು ಕೆಳಗೆ ಅಂತ ಹಾಕ್ತಾ ಹೋದ್ರೆ ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಂದು ಚಾಪೆ. ಮೈಮೇಲೆ ಹಾಕ್ಕೊಂಡ್ರೆ ಬಟ್ಟೆ ಥರ ಬೀಳುತ್ತೆ. ಮದುವೆಗೂ ಅದೇ, ಸಾವಿಗೂ ಅದೇ, ಮನೆತನದ ಪಟ್ಟ ಕಟ್ಟೋವಾಗಲೂ ಅದೇ. ಇದರಲ್ಲಿ ಒಂದೆಳೆ ತಪ್ಪಿದ್ರೆ ಆವತ್ತು ಕಾಣಲ್ಲ. ನಾಲ್ಕು ಬೆರಳು ಮುಂದಕ್ಕೆ ಹೋದ್ಮೇಲೆ ಸಾಲು ಸೊಟ್ಟಗೆ ಓಡ್ತಾ ಇರುತ್ತೆ. ಆಗ ಕೂತು ಬಿಚ್ಚಬೇಕು.

ಸಿಯೆನಿ ನೇಯ್ದಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಅವಳು ನಮ್ಮೂರ ಮಗಳಲ್ಲ, ಸೊಸೆ. ಸವಾಯಿ ದ್ವೀಪದವಳು. ದೋಣೀಲಿ ಸಮುದ್ರ ದಾಟ್ಕೊಂಡು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ ಆಗಿತ್ತು. ಗಂಡ ತವಿತಾ ಒಳ್ಳೆಯವನೇ, ಬೆಳಗ್ಗೆ ಕೆಸುವಿನ ತೋಟಕ್ಕೆ ಹೋದ್ರೆ ಸಂಜೆ ಪ್ರಾರ್ಥನೆ ಹೊತ್ತಿಗೆ ಬರೋನು. ಮನೇಲಿ ಅತ್ತೆ ಲಂಗಿ. ಆಕೆಗೆ ಸೊಂಟ ಹೋಗಿತ್ತು, ಕೈಯಲ್ಲಿ ಒಂದು ಕೋಲು. ಆಮೇಲೆ ತವಿತಾನ ಅಕ್ಕ ಮತಲೆನಾ. ಗಂಡ ತೀರ್ಕೊಂಡ ಮೇಲೆ ತಾಯಿ ಮನೇಗೆ ವಾಪಸ್ ಬಂದಿದ್ಲು. ನಮ್ಮಲ್ಲಿ ಗೊತ್ತಲ್ಲ, ಅಕ್ಕ ಅಂದ್ರೆ ಮನೆಯ ಮರ್ಯಾದೆ. ತಮ್ಮ ಆದವನು ಅವಳ ಮುಂದೆ ಸೊಲ್ಲೆತ್ತಲ್ಲ, ತಮ್ಮನ ಹೆಂಡತಿ ಅವಳ ತಟ್ಟೆ ತೊಳೀತಾಳೆ.

ಮತಲೆನಾ ಕೂರೋದು ನೋಡಬೇಕಿತ್ತು. ನಮ್ಮ ನೇಯ್ಗೆ ಮನೇಗೆ ಗೋಡೆ ಇಲ್ಲ, ಸುತ್ತ ಕಂಬ ಅಷ್ಟೆ. ಹಂದಿ ನುಗ್ಗಲಿ, ಬಸ್ಸು ಹಾರ್ನ್ ಹೊಡೀಲಿ, ಅವಳ ತಲೆ ಮೇಲೇಳ್ತಿರಲಿಲ್ಲ. ಚಿಕ್ಕೋಳಿದ್ದಾಗಲೂ ಹಾಗೇ. ಒಂದ್ಸಲ ಇರುವೆ ಗೂಡಿನ ಮೇಲೆ ಕೂತು ಬುಟ್ಟಿ ಹೆಣೀತಿದ್ಲು. ಬುಟ್ಟಿ ಮುಗಿದ ಮೇಲೆ ಅಳೋದಕ್ಕೆ ಶುರು ಮಾಡಿದ್ಲು. ನಾನೇ ಅವಳ ತೊಡೆಗೆ ಎಣ್ಣೆ ಹಚ್ಚಿದ್ದು.

ಸಿಯೆನಿ ಹಾಗಲ್ಲ. ಎರಡು ಸಾಲು ಹಾಕೋಳು, ಕತ್ತೆತ್ತೋಳು. ಮೂರು ಸಾಲು ಹಾಕೋಳು, ಎದ್ದು ಹೋಗೋಳು. ವಾಪಸ್ ಬಂದು ಎಲ್ಲಿಗೆ ಬಿಟ್ಟೆ ಅಂತ ಬೆರಳಲ್ಲಿ ಹುಡುಕೋಳು.

"ನಿಮ್ಮಮ್ಮ ಬಸುರೀಲಿ ಏಡಿ ತಿಂದಿರಬೇಕು ಕಣೆ," ಅಂತಿದ್ಲು ತೋಫಿ. ದಪ್ಪಗಿದ್ಲು ತೋಫಿ, ಬಾಯಿ ಅದಕ್ಕಿಂತ ದಪ್ಪ. "ಅದಕ್ಕೇ ನೀನು ಆ ಕಡೆ ಈ ಕಡೆ ಓಡ್ತೀಯ. ಮತಲೆನಾನ ಅಮ್ಮ ಅಷ್ಟಪಾದಿ ತಿಂದಿದಾಳೆ ನೋಡು, ಬಂಡೆಗೆ ಅಂಟ್ಕೊಂಡ್ರೆ ಕಿತ್ರೂ ಬರಲ್ಲ."

"ನೀವೇನು ತಿಂದ್ರೋ ತೋಫಿ ಅಕ್ಕ," ಅಂತಿದ್ಲು ಸಿಯೆನಿ, "ಕೈ ನಿಂತ್ರೂ ಬಾಯಿ ನಿಲ್ಲಲ್ಲ."

ನಗೋಳು, ನಗಿಸೋಳು. ಆದ್ರೆ ಅದು ಅವಳಿಗೆ ತಾಗ್ತಿತ್ತು. ತಿಂಗಳಿಗೊಂದ್ಸಲ ನಮ್ಮ ಹೆಂಗಸರ ಸಮಿತಿಯವರು ಬಂದು ಎಲ್ಲರ ಚಾಪೇನೂ ಗೇಣು ಹಾಕಿ ಅಳೀತಿದ್ರು. ಹಿಂದೆ ಬಿದ್ದವಳು ಎಲ್ಲರಿಗೂ ಕೋಕೋ ಗಂಜಿ ಮಾಡಿ ಹಾಕಬೇಕು, ಅದೇ ದಂಡ. ಆ ವರ್ಷ ಅಷ್ಟೂ ತಿಂಗಳು ಸಿಯೆನಿ ಗಂಜಿನೇ ತಿಂದಿದೀವಿ ನಾವು. ಗಂಜಿ ಚೆನ್ನಾಗಿ ಮಾಡೋಳು, ತೆಂಗಿನಹಾಲು ಕೈಬಿಟ್ಟು ಹಾಕೋಳು. ಅದನ್ನ ಮಾಡೋದಕ್ಕೆ ಒಂದು ಬೆಳಗು ಹೋಗೋದು, ಮತ್ತೆ ಚಾಪೆ ಹಿಂದೆ ಬೀಳೋದು. ಇದು ಯಾರ ತಲೆಗೂ ಹೊಳೀಲಿಲ್ಲ.

ಒಂದಿನ ಪಟ್ಟಣದಿಂದ ನರ್ಸಮ್ಮ ಬಂದಿದ್ಲು, ಮಕ್ಕಳಿಗೆ ಸೂಜಿ ಹಾಕೋದಕ್ಕೆ. ತೋಫಿ ಅವಳನ್ನೂ ಬಿಡ್ಲಿಲ್ಲ. "ಇವಳ ತಲೆ ನೋಡಮ್ಮ, ನಿಲ್ಲೋದೇ ಇಲ್ಲ," ಅಂದ್ಲು. ನರ್ಸಮ್ಮ ಪಾಪ ಹುಡುಗಿ, ಓದಿದ್ದು ಹೇಳಿದ್ಲು. ಕೆಲವರಿಗೆ ಹುಟ್ಟುತ್ತಲೇ ಮನಸ್ಸು ಒಂದು ಕಡೆ ನಿಲ್ಲುತ್ತೆ, ಕೆಲವರಿಗೆ ನಿಲ್ಲಲ್ಲ, ಎತ್ತರ ಕುಳ್ಳ ಇದ್ದ ಹಾಗೆ, ಯಾರ ತಪ್ಪೂ ಅಲ್ಲ ಅಂದ್ಲು. ಸಮಾಧಾನಕ್ಕೆ ಅಂದಿದ್ದು. ಸಿಯೆನಿ ಅದನ್ನ ಗಂಟು ಹಾಕ್ಕೊಂಡ್ಲು. ನಾನು ಹುಟ್ಟಿದ್ದೇ ಹೀಗೆ ಅಂತ.

ಆದ್ರೆ ಅವಳು ಹಾಗೆ ಹುಟ್ಟಿರಲಿಲ್ಲ ನೋಡು. ಹದಿನೈದನೇ ವಯಸ್ಸಿಗೆ ತವರಲ್ಲಿ ಅಮ್ಮನ ಜೊತೆ ಕೂತು ಒಂದು ಇಡೀ ಚಾಪೆ ಮುಗಿಸಿದ್ಲು. ಅದು ಅವಳಿಗೇ ಮರೆತು ಹೋದ ಹಾಗಿತ್ತು. ಬೇರೆ ಯಾರದೋ ಕಥೆ ಅನ್ನೋ ಹಾಗೆ ಹೇಳೋಳು ನನಗೆ.

ಈ ಸಲದ ಚಾಪೆ ಮಾತ್ರ ಅವಳಿಗೆ ಬೇರೆ ಥರ. ಇಲ್ಲಿಗೆ ಬಂದ ಮೇಲೆ ತಿಣುಕಾಡಿ ಮೂರು ಚಾಪೆ ನೇಯ್ದಿದ್ಲು. ಒಂದು ಮಾವನ ಸಾವಿಗೆ ಹೋಯ್ತು, ಒಂದು ಮತಲೆನಾನ ಗಂಡನ ಸಾವಿಗೆ, ಇನ್ನೊಂದು ತವಿತಾನ ದೊಡ್ಡಪ್ಪನ ಪಟ್ಟಕ್ಕೆ. ತವರಿಗೆ ಒಂದೂ ಹೋಗಿರಲಿಲ್ಲ. ದೊಡ್ಡ ಬಿರುಗಾಳಿ ಬಂದು ಊರೆಲ್ಲ ಬೋಳಾದ ವರ್ಷ ಅವಳಮ್ಮ ಹೇಳಿದ್ಲಂತೆ, "ನಾನು ಹೋದಾಗ ಮೈಮೇಲೆ ನಿನ್ನ ಕೈಯದು ಒಂದು ಇರ್ಲಿ ಮಗಳೇ. ಊರೋರದು ಎಷ್ಟೇ ಇರ್ಲಿ." ಅದಾಗಿ ಐದು ವರ್ಷ ಆಗಿತ್ತು. ಅಮ್ಮನಿಗೆ ಎಂಬತ್ತು ದಾಟಿತ್ತು, ಕಣ್ಣು ಪೊರೆ ಬಂದು ಮಂಜಾಗಿತ್ತು. ಚಾಪೆ ಅರ್ಧಾನೂ ಆಗಿರಲಿಲ್ಲ.

ಹೀಗಿರೋವಾಗ ಸವಾಯಿಯಿಂದ ಸುದ್ದಿ ಬಂತು, ಅಮ್ಮ ಊಟ ಬಿಟ್ಟಿದಾಳೆ ಅಂತ. ಸಿಯೆನಿ ಅತ್ತೆ ಹತ್ರ ಕೇಳಿದ್ಲು, ಮತಲೆನಾನ ಹತ್ರ ಕೇಳಿದ್ಲು.

"ಹೋಗ್ಬಾ," ಅಂದ್ಲು ಮತಲೆನಾ, ತಲೆ ಎತ್ತದೆ. "ಐದು ದಿನ ತಾನೆ. ಅಮ್ಮನ್ನ ನಾನು ನೋಡ್ಕೋತೀನಿ."

"ಅತ್ತಿಗೆ, ಕೋಲು ಒಂದ್ಸಲ ಕುಟ್ಟಿದ್ರೆ ನೀರು. ಎರಡ್ಸಲ ಕುಟ್ಟಿದ್ರೆ ಎತ್ತಿ ಕೂರಿಸಬೇಕು. ಮೂರು ಕುಟ್ಟಿದ್ರೆ ಹೊರಗೆ ಕರ್ಕೊಂಡು ಹೋಗಬೇಕು. ಮೂರಕ್ಕೆ ತಡ ಮಾಡಬೇಡಿ."

"ನನ್ನ ಹೆತ್ತವಳು ಕಣೆ ಅವಳು. ನೀನು ನನಗೆ ಹೇಳ್ಕೊಡ್ತೀಯ?"

ಸಿಯೆನಿ ಗಂಟು ಎತ್ಕೊಂಡ್ಲು. ದೋಣಿ ಹತ್ತಿ ಹೋದ್ಲು.

ಅಮ್ಮ ಮಲಗಿದ್ಲಂತೆ, ಆದ್ರೆ ಮಾತು ಗಟ್ಟಿಯಾಗೇ ಇತ್ತು. ಮಗಳ ಕೈ ಹಿಡ್ಕೊಂಡು ಬೆರಳ ತುದಿ ಸವರಿ ನೋಡಿದ್ಲು, ಎಳೆ ಕೊಯ್ದ ಗಾಯ ಇದೆಯೋ ಇಲ್ವೋ ಅಂತ. "ಚಾಪೆ ಎಲ್ಲಿ ತನಕ ಬಂತು?"

"ಮೈಮೇಲೆ ಹಾಕ್ಕೊಂಡ್ರೆ ಸೊಂಟದ ತನಕ ಬರುತ್ತಮ್ಮ."

"ಯಾರ ಸೊಂಟ? ನಿಂದೋ, ಕೂಸಿಂದೋ?"

ಸಿಯೆನಿಗೆ ನಗೂನೂ ಬಂತು, ಇನ್ನೊಂದೂ ಬಂತು. "ನನಗೆ ಮನಸ್ಸು ನಿಲ್ಲಲ್ಲಮ್ಮ. ನರ್ಸಮ್ಮನೂ ಹೇಳಿದ್ಲು, ಹುಟ್ಟಿನಿಂದ ಬಂದಿದ್ದಂತೆ," ಅಂದ್ಲು.

ಅಮ್ಮ ಮಗಳ ಬೆರಳನ್ನ ಇನ್ನೊಂದ್ಸಲ ಸವರಿದ್ಲು. ಆಮೇಲೆ, "ನಿನ್ನ ಹೆತ್ತಿದ್ದು ನಾನು," ಅಂದ್ಲು. "ಆವತ್ತು ಆ ನರ್ಸಮ್ಮ ಇರಲಿಲ್ಲ."

ಅಷ್ಟೇ. ಆಮೇಲೆ ಮೀನಿನ ಸಾರು ಕೇಳಿ ಎರಡು ಗುಟುಕು ಕುಡಿದ್ಲಂತೆ.

ಇತ್ತ ಕಡೆ ನಮ್ಮೂರಲ್ಲಿ ಏನಾಯ್ತು ಅಂತ ನಾನೇ ನೋಡಿದೀನಿ. ಮೊದಲನೇ ದಿನ ಮತಲೆನಾ ಎಂದಿನ ಹಾಗೆ ಬಂದು ಕೂತ್ಲು. ಅವರ ಮನೆ ನೇಯ್ಗೆ ಮನೆಯಿಂದ ಮೂವತ್ತು ಹೆಜ್ಜೆ, ಕೋಲು ಕಂಬಕ್ಕೆ ತಾಗಿದ್ರೆ ಟಕ್ ಅಂತ ಕೇಳುತ್ತೆ. ನನಗೆ ಕೇಳಿಸ್ತು. ಆದ್ರೆ ಅಷ್ಟು ವರ್ಷ ಆ ಟಕ್ಕಿಗೆ ಎದ್ದು ಹೋಗೋಳು ಒಬ್ಬಳಿದ್ಲಲ್ಲ, ನನ್ನ ಕಿವಿ ಅದನ್ನ ಕೇಳಿಸ್ಕೊಂಡು ಹಾಗೇ ಬಿಟ್ಬಿಡ್ತು. ತೋಫಿ ಕಿವೀನೂ ಬಿಡ್ತು. ಮತಲೆನಾ ನೇಯ್ತಾನೇ ಇದ್ಲು. ಮೂರು ಸಲ ಕುಟ್ಟಿ, ಇನ್ನೂ ಮೂರು ಸಲ ಕುಟ್ಟಿ, ಕೊನೆಗೆ ಲಂಗಿ ತಾನೇ ಎದ್ದು ಹೊರಟಿದಾಳೆ. ಜಗಲಿಯ ಕಲ್ಲಿನ ಮೆಟ್ಟಿಲ ಮೇಲೆ ಜಾರಿದ್ಲು. ಪುಣ್ಯಕ್ಕೆ ಸೊಂಟಕ್ಕೇನೂ ಆಗ್ಲಿಲ್ಲ, ಮುಂಗೈ ಊದ್ಕೊಂಡ್ತು. ಸೊಂಟಕ್ಕೆ ಸುತ್ಕೊಂಡಿದ್ದ ಬಟ್ಟೆಯೆಲ್ಲ ಒದ್ದೆ. ನಾವು ಹೋಗಿ ಎತ್ತೋವಾಗ ಆ ಮುದುಕಿ ನಮ್ಮ ಕಡೆ ನೋಡ್ಲೇ ಇಲ್ಲ, ಮುಖ ಆ ಕಡೆ ತಿರುಗಿಸ್ಕೊಂಡ್ಲು. ಅದು ನನಗೆ ಇವತ್ತಿಗೂ ಮರೆತಿಲ್ಲ.

"ಯಾರೋ ಕೋಕೋ ಕುಟ್ತಿದಾರೆ ಅಂದ್ಕೊಂಡೆ," ಅಂದ್ಲು ಮತಲೆನಾ. ಮುಖ ಬಿಳಿಚ್ಕೊಂಡಿತ್ತು. ಸುಳ್ಳಲ್ಲ ಅದು, ಅವಳಿಗೆ ನಿಜವಾಗ್ಲೂ ಹಾಗೇ ಕೇಳಿಸಿತ್ತು.

ಮಾರನೇ ದಿನ ಅವಳು ತನ್ನ ಚಾಪೇನ ಮನೇಗೇ ತಗೊಂಡು ಹೋಗಿ ಅಮ್ಮನ ಪಕ್ಕದಲ್ಲಿ ಹಾಸ್ಕೊಂಡ್ಲು. ಎರಡು ಸಾಲು ಹಾಕೋಳು, ಅಮ್ಮನ ಕಡೆ ನೋಡೋಳು. ಅಮ್ಮ ಕೋಲು ಕೈಗೆ ತಗೊಂಡ್ರೆ ಸಾಕು, ಇವಳ ಕೈ ನಿಲ್ಲೋದು. ಮುದುಕಿ ಬೆನ್ನು ಕೆರ್ಕೊಳ್ಳೋದಕ್ಕೆ ಕೋಲು ತಗೊಂಡಿರೋಳು, ಅದು ಬೇರೆ ಮಾತು. ಆ ನಾಲ್ಕು ದಿನ ಅನ್ನ ಬೇಯಿಸಿದ್ದೂ ಅವಳೇ, ಅಮ್ಮನ ಬಟ್ಟೆ ಒಗೆದಿದ್ದೂ ಅವಳೇ, ಸ್ಕೂಲಿಂದ ಬಂದ ತಮ್ಮನ ಮಕ್ಕಳ ಜಗಳ ಬಿಡಿಸಿದ್ದೂ ಅವಳೇ.

ಐದನೇ ದಿನ ಮಧ್ಯಾಹ್ನ ಬಸ್ಸಿಂದ ಇಳಿದು ಸಿಯೆನಿ ಬಂದ್ಲು. ಮನೆ ಹತ್ರ ಬಂದವಳು ಮೊದ್ಲು ನೋಡಿದ್ದು ಅತ್ತೆ ಮುಂಗೈಗೆ ಕಟ್ಟಿದ್ದ ಬಟ್ಟೆ. ಆಮೇಲೆ ನೋಡಿದ್ದು ಚಾಪೆ. ನಾನು ಅಲ್ಲೇ ಇದ್ದೆ, ಲಂಗಿಗೆ ಬೆಂದ ಜೀಗುಜ್ಜೆ ತಂದಿದ್ದೆ.

"ಅತ್ತಿಗೆ," ಅಂದ್ಲು ಸಿಯೆನಿ, ಮೆಲ್ಲಗೆ. "ಎಡಗಡೆ, ಭಾರಕ್ಕೆ ಕಲ್ಲಿಟ್ಟಿದೀರಲ್ಲ, ಅದರಿಂದ ಈಚೆಗೆ ಒಂದೆಳೆ ತಪ್ಪಿದೆ."

ಮತಲೆನಾ ಕಲ್ಲೆತ್ತಿ ನೋಡಿದ್ಲು. ಒಂದಲ್ಲ, ಮೂರು ಕಡೆ ತಪ್ಪಿತ್ತು. ಸಾಲು ಸೊಟ್ಟಗೆ ಓಡಿ ಅಂಚಿಗೆ ಬಂದ್ಬಿಟ್ಟಿತ್ತು. ಇಷ್ಟು ವರ್ಷದಲ್ಲಿ ಅವಳ ಚಾಪೆ ಬಿಚ್ಚಿದ್ದು ನಾನು ನೋಡಿರಲಿಲ್ಲ. ಸಿಯೆನಿ ಜಾಗದಲ್ಲಿ ನಾನಿದ್ದಿದ್ರೆ ಏನಾದ್ರೂ ಒಂದು ಮಾತು ಆಡಿರ್ತಿದ್ದೆ. ಏಡಿ ತಿಂದ್ರಾ ಅಂತಾದ್ರೂ. ಅವಳು ಗಂಟು ಕೆಳಗಿಟ್ಟು, ಅತ್ತೆ ಪಕ್ಕದಲ್ಲಿ ಮೊಣಕಾಲೂರಿ ಮುಂಗೈ ಒತ್ತಿ ನೋಡ್ತಿದ್ಲು. ಮುದುಕಿ ಆಗ ಅತ್ತಿದ್ದು, ಬಿದ್ದಾಗಲೂ ಅತ್ತಿರಲಿಲ್ಲ.

ಮತಲೆನಾ ಒಂದೊಂದೇ ಎಳೆ ಬಿಚ್ತಾ ಕೇಳಿದ್ಲು, "ನಿಂಗೆ ಹೇಗೆ ಕೇಳ್ಸುತ್ತೆ ಸಿಯೆನಿ? ಅಷ್ಟು ಗಲಾಟೇಲಿ, ಅಷ್ಟು ದೂರದಲ್ಲಿ?"

"ಕೇಳ್ಸೋದೇನು ಅತ್ತಿಗೆ. ನಾನು ಕಾಯ್ತಾ ಇರ್ತೀನಿ."

"ಯಾವಾಗ?"

"ಯಾವಾಗಲೂ."

ಮತಲೆನಾ ಬಿಚ್ಚೋದು ನಿಲ್ಲಿಸಿದ್ಲು. ನಾನು ಜೀಗುಜ್ಜೆ ತಟ್ಟೆ ಇಟ್ಟು ಎದ್ದು ಬಂದೆ. ಒಂದು ಮನೆಯ ಇಬ್ಬರು ಮಾತಾಡೋವಾಗ ಮೂರನೆಯವಳು ಕೂರಬಾರದು.

ಅವತ್ತು ಏನು ಮಾತಾಡ್ಕೊಂಡ್ರೋ ನನಗೆ ಗೊತ್ತಿಲ್ಲ. ಸೋಮವಾರದಿಂದ ಬೆಳಗಿನ ಹೊತ್ತು ಮತಲೆನಾ ನೇಯ್ಗೆ ಮನೆಗೆ ಬರೋದು ಬಿಟ್ಲು. ಬೆಳಗ್ಗೆ ಅಮ್ಮನ ಹತ್ರ ಅವಳು, ಮಧ್ಯಾಹ್ನ ಸಿಯೆನಿ. ಮರ್ಯಾದಸ್ಥ ಅಕ್ಕ ತಮ್ಮನ ಹೆಂಡತಿ ಬದಲು ಮನೆ ಗುಡಿಸ್ತಾಳೆ ಅಂದ್ರೆ ಊರು ಸುಮ್ಮನಿರುತ್ತಾ. ಸಮಿತಿ ನಡೆಸ್ತಿದ್ದ ಲೆಪೆಕಾ ಬಂದು, "ಏನಮ್ಮ, ನಿನ್ನ ಚಾಪೆ ನಿಂತು ಹೋಯ್ತಲ್ಲ, ಎಲ್ಲಾ ಊರಿನವರೂ ಚಾಪೆ ಹಿಡ್ಕೊಂಡು ಸಾಲಾಗಿ ನಡೆದು ತೋರಿಸೋ ದಿನ ನಮ್ಮೂರಿಗೆ ಹೆಸರು ಬರೋದೇ ನಿಂದರಿಂದ," ಅಂದ್ಲು. ಮತಲೆನಾ, "ಹೆಸರಿಗೆ ತೋಫಿ ಇದಾಳೆ," ಅಂದ್ಲು. ತೋಫಿ ಮೂರು ವಾರ ಬಾಯಿ ಮುಚ್ಕೊಂಡು ನೇಯ್ದ್ಲು ಆಮೇಲೆ.

ಇನ್ನು ಸಿಯೆನಿ ಬೆಳಗೆಲ್ಲ ಕೂತು ಗಡಗಡ ನೇಯ್ದ್ಲು ಅಂದ್ಕೊಂಡ್ಯಾ? ಇಲ್ಲ. ಕೋಲಿನ ಸದ್ದಿಗೆ ಏಳೋದು ಬೇಡ ಅಂತ ಗೊತ್ತಿದ್ರೂ ಎರಡು ಸಾಲಿಗೊಂದ್ಸಲ ಕತ್ತು ಮೇಲೇಳ್ತಿತ್ತು. ಟಕ್ ಅಂದ್ರೆ ಅರ್ಧ ಎದ್ದಿರೋಳು, ಮತ್ತೆ ಕೂರೋಳು. ಎಂಟು ದಿನ ಹಾಗೇ. "ಬರಲ್ಲ ನನಗೆ, ಸುಮ್ನೆ ಅತ್ತಿಗೆಗೂ ಕಷ್ಟ," ಅಂತ ನನ್ನ ಹತ್ರ ಅಂದ್ಲು. ಮುಖ ಸೋತು ಹೋಗಿತ್ತು. ಸುಸ್ತು ಅನ್ನೋದು ಕೆಲಸ ಮಾಡೋವಾಗ ಗೊತ್ತಾಗಲ್ಲ, ಕೂತ್ಕೋ ಅಂತ ಯಾರಾದ್ರೂ ಅಂದಾಗ ಅಷ್ಟೂ ಒಟ್ಟಿಗೆ ಬಂದು ಮೇಲೆ ಬೀಳುತ್ತೆ. ಮೂರು ದಿನ ಬೆಳಗ್ಗೆ ಅವಳು ಎಳೆ ಕೈಯಲ್ಲಿ ಹಿಡ್ಕೊಂಡೇ ಕಂಬಕ್ಕೆ ಒರಗಿ ನಿದ್ದೆ ಮಾಡಿದ್ಲು. ನಾವು ಯಾರೂ ಎಬ್ಬಿಸ್ಲಿಲ್ಲ. ತೋಫಿ ನೊಣ ಓಡಿಸ್ತಿದ್ಲು.

ಹತ್ತನೇ ದಿನವೋ ಹನ್ನೊಂದನೇ ದಿನವೋ ಇರಬೇಕು, ಊಟಕ್ಕೆ ಎಲ್ಲರೂ ಎದ್ವಿ. ಅವಳು ಎಳೆ ಮೇಲೆ ಕಣ್ಣಿಟ್ಟು ನೇಯ್ತಾನೇ ಇದ್ಲು. ಕೂಗಿದೆ, ಕೇಳಿಸ್ಲಿಲ್ಲ. ನಾನು ಸುಮ್ಮನೆ ನನ್ನ ಪಾಡಿಗೆ ಹೋದೆ.

ಹೀಗೆ ಎರಡು ತಿಂಗಳು. ನರ್ಸಮ್ಮ ಹೇಳಿದ್ದು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಮತಲೆನಾನ ಹಾಗೆ ಇರುವೆ ಕಚ್ಚಿದ್ರೂ ಗೊತ್ತಾಗದವರು ಹುಟ್ಟುತ್ತಲೇ ಹಾಗಿರ್ತಾರೆ, ಸಿಯೆನಿ ಯಾವತ್ತೂ ಅಷ್ಟು ಆಗಲ್ಲ. ಆದ್ರೆ ಒಂದು ಮನೇಲಿ ಒಬ್ಬಳು ಅಲ್ಲಾಡದೆ ಕೂತಿದಾಳೆ ಅಂದ್ರೆ ಅವಳ ಬದಲು ಯಾರು ಏಳ್ತಿದಾರೆ ಅಂತಲೂ ನೋಡಬೇಕಿತ್ತು. ಅಷ್ಟು ವರ್ಷ ನಾವು ಹತ್ತು ಜನ ಅದೇ ನೇಯ್ಗೆ ಮನೇಲಿ ಕೂತಿದ್ವಿ. ಒಬ್ಬರೂ ನೋಡ್ಲಿಲ್ಲ.

ಮತ್ತೆ ಸುದ್ದಿ ಬಂತು. ಈ ಸಲ ಸವಾಯಿಯಿಂದ ಸಿಯೆನಿ ತಮ್ಮನೇ ಬಂದಿದ್ದ. ಬೇಗ ಬಾ ಅಕ್ಕ ಅಂದ.

ಚಾಪೆ ಇನ್ನೂ ಮೂರು ಗೇಣು ಕಮ್ಮಿ. ಸಿಯೆನಿ ಆವತ್ತು ಬೆಳಗ್ಗೆ ಕೂತು ಅಂಚು ಕಟ್ಟೋದಕ್ಕೆ ಶುರು ಮಾಡಿದ್ಲು. ಲೆಪೆಕಾ ಓಡಿ ಬಂದ್ಲು. "ಏನೇ ಇದು, ಇಷ್ಟಕ್ಕೇ ಮುಗಿಸ್ತಿದೀಯ? ಅಳತೆ ಇಲ್ದೇ ಇರೋ ಚಾಪೆ ಹಿಡ್ಕೊಂಡು ನಮ್ಮ ಸಾಲಲ್ಲಿ ನಡೆಯೋದಕ್ಕೆ ಬಿಡಲ್ಲ ನಾನು."

"ಸಾಲಲ್ಲಿ ನಡೆಯೋದಕ್ಕೆ ನೇಯ್ಲಿಲ್ಲ ಲೆಪೆಕಾ ಅಕ್ಕ," ಅಂದ್ಲು ಸಿಯೆನಿ, ಕೈ ನಿಲ್ಲಿಸದೆ.

ಮತಲೆನಾ ಬಂದು ಆ ಕಡೆ ಅಂಚಲ್ಲಿ ಕೂತ್ಲು. ಅತ್ತೆ ಲಂಗಿನ ತವಿತಾ ಎತ್ಕೊಂಡು ಬಂದು ಅಲ್ಲೇ ಕಂಬದ ಹತ್ರ ಕೂರಿಸಿದ್ದ, ಕೋಲು ಸಮೇತ. ಅವನು ಆವತ್ತು ತೋಟಕ್ಕೆ ಹೋಗಿರಲಿಲ್ಲ. ಅಂಚಿಗೆ ಚೆಂದಕ್ಕೆ ಅಂತ ಕೆಂಪು ಗರಿ ಹೊಲಿಯೋದಕ್ಕೆ ತೋಫಿ, ನಾನು. ಸಂಜೆ ದೋಣಿಗೆ ಸಿಯೆನಿ ಹೋದ್ಲು, ಚಾಪೆ ಮಡಚಿ ಎದೆಗೆ ಒತ್ಕೊಂಡು.

ಅಮ್ಮ ಇನ್ನೂ ಇದ್ಲು. ಬೆಳಗ್ಗೆ ಮುಖ ಒರೆಸಿ, ದಿಂಬು ಎತ್ತರ ಮಾಡಿ, ಚಾಪೆ ಬಿಚ್ಚಿ ಮೇಲೆ ಹಾಕಿದ್ಲು ಸಿಯೆನಿ. ಕುತ್ತಿಗೆಯಿಂದ ಮೊಣಕಾಲಿಗೆ ಬಂತು, ಅದಕ್ಕಿಂತ ಕೆಳಗೆ ಇಳೀಲಿಲ್ಲ. ಅಮ್ಮನ ಕಣ್ಣಿಗೆ ಏನೂ ಕಾಣ್ತಿರಲಿಲ್ಲ. ಬೆರಳು ಮಾತ್ರ ಚಾಪೆ ಮೇಲೆ ಮೇಲಿನಿಂದ ಕೆಳಕ್ಕೆ ನಡೀತಾ ಹೋಯ್ತು. ಅವಳೂ ಅರವತ್ತು ವರ್ಷ ನೇಯ್ದವಳಲ್ವಾ.

"ಇಲ್ಲಿ ಎದ್ದು ಹೋಗಿದೀಯ," ಅಂದ್ಲು. ಸ್ವಲ್ಪ ಕೆಳಗೆ, "ಇಲ್ಲೂ ಎದ್ದಿದೀಯ. ಇಲ್ಲಿ ಎರಡ್ಸಲ. ಇಲ್ಲಿ ಅತ್ತಿದ್ಯಾ? ಎಳೆ ಒದ್ದೆ ಇದ್ದಾಗ ಎಳೆದಿದೀಯ, ಬಿಗಿಯಾಗಿದೆ."

"ಕೈ ಬೆವರಿತ್ತಮ್ಮ."

"ಹೂಂ. ಬೆವರು."

ಬೆರಳು ಹೊಟ್ಟೆ ದಾಟಿ ತೊಡೆ ಹತ್ರ ಬಂತು. ಅಲ್ಲಿ ನಿಂತ್ಕೊಂಡ್ತು. ಹಿಂದಕ್ಕೆ ಹೋಯ್ತು, ಮತ್ತೆ ಬಂತು. ಅಲ್ಲಿಂದ ಕೆಳಗೆ ಸಾಲು ಒಂದೇ ಸಮ, ಒಂದೇ ಬಿಗಿ.

"ಇಲ್ಲಿ ಕೂತಿದೀಯ," ಅಂದ್ಲು ಅಮ್ಮ. "ಯಾರು ಕೂರಿಸಿದ್ರು?"

ಸಿಯೆನಿ ಹೇಳಬೇಕು ಅಂದ್ಕೊಂಡ್ಲು, ಅತ್ತಿಗೆ ಅಂತ. ಅಮ್ಮನ ಪಕ್ಕದಲ್ಲಿ ಹಾಗೇ ತಲೆ ಇಟ್ಟಿದ್ದೊಂದು ಗೊತ್ತು ಅವಳಿಗೆ, ನಿದ್ದೆ ಬಂದಿದ್ದು ಗೊತ್ತಿಲ್ಲ. ಹೊರಗಿಂದ ತಮ್ಮನ ಹೆಂಡತಿ ಒಲೆ ಹತ್ರ ಬಾ ಅಂತ ಎರಡ್ಸಲ ಕರೆದ್ಲಂತೆ. ಪಾತ್ರೆ ಒಂದು ಬಿತ್ತಂತೆ. ಮಕ್ಕಳು ಹೆಸರು ಹಿಡಿದು ಕೂಗಿದ್ವಂತೆ. ಅವಳಮ್ಮ ಒಂದು ಕೈಯಲ್ಲಿ ಚಾಪೆ ಹಿಡ್ಕೊಂಡು ಇನ್ನೊಂದು ಕೈ ಮಗಳ ಕಿವಿ ಮೇಲಿಟ್ಟಿದ್ಲು. ಸಿಯೆನಿಗೆ ಏನೂ ಕೇಳಿಸ್ಲಿಲ್ಲ.